ಸಮುದ್ರವೂ ನನ್ನ ಗೋಷ್ವಾರೆಯೂ

ಸಿಲ್ಲೋಡಿನಲ್ಲಿ ಕುಳಿತು ಸಮುದ್ರದ ವಿಚಾರ ಬರೆಯಹೊರಟವನನ್ನು ಕಂಡು ವಾಚಕರು ನಕ್ಕರೆ ಅದು ಅವರ ತಪ್ಪಲ್ಲ. ನಮ್ಮ ತಾಲೂಕಿನಲ್ಲಿ ಹತ್ತಿಯುಂಟು, ಮೆಕ್ಕೆಜೋಳವುಂಟು, ಕಣ್ಣಲ್ಲಿ ನೀರು ತರಿಸುವ ಹಸಿಮೆಣಸಿನಕಾಯಿಯುಂಟು. ಸಮುದ್ರವೊಂದು ಮಾತ್ರ ಇಲ್ಲ. ಬೇಸಗೆಯಲ್ಲಿ ನೀರಿನ ಟ್ಯಾಂಕರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ನಮಗೆ ಅದೇ ಸಾಗರದರ್ಶನ. ಮುಂಬಯಿಯ ಸಮುದ್ರ ಇಲ್ಲಿಂದ ಸುಮಾರು 400 ಕಿಲೋಮೀಟರು ದೂರ. ಆದರೂ ಸಂಪಾದಕರು ಈ ಸಲದ ಸಂಚಿಕೆಗೆ ಏನಾದರೂ ಬರೆಯಿರಿ ಎಂದಾಗ ನನಗೆ ಮೊದಲು ನೆನಪಾದುದು ವರ್ಲಿಯ ಸಮುದ್ರದಂಡೆ, ಮತ್ತು ಅಲ್ಲಿ ಕುಳಿತುಕೊಳ್ಳುತ್ತಿದ್ದ ನಮ್ಮ ಮಾವಯ್ಯ.

ನನ್ನ ಪರಿಚಯವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯವರು. ಇಡ್ಲಿ ದೋಸೆಗಳನ್ನು ನಂಬಿ ಈ ಬಯಲುಸೀಮೆಗೆ ಬಂದವರು. ಆಗ ಔರಂಗಾಬಾದ್ ಎಂದಿದ್ದು 2023ರಿಂದ ಛತ್ರಪತಿ ಸಂಭಾಜಿನಗರವೆಂದು ಹೆಸರಾದ ಜಿಲ್ಲಾಸ್ಥಳದಲ್ಲಿ ಒಂದು ಸಣ್ಣ ಹೋಟೆಲು ಇಟ್ಟುಕೊಂಡಿದ್ದರು. ನಾನು ಅಲ್ಲಿಯೇ ಓದಿ ಬಿ.ಎ. ಮಾಡಿದೆ. ದೋಸೆ ಹೊಯ್ಯುವ ಕೈ ನನಗೆ ಬರಲಿಲ್ಲ. ಆದುದರಿಂದ ಸರಕಾರಿ ಕಛೇರಿಯಲ್ಲಿ ಗುಮಾಸ್ತನಾದೆ. ಹದಿಮೂರು ವರ್ಷಗಳಿಂದ ಕಡತಗಳಿಗೆ ದಾರ ಕಟ್ಟುತ್ತ, ಬಿಚ್ಚುತ್ತ ಕಾಲ ಕಳೆದಿದ್ದೇನೆ. ಮನೆಯಲ್ಲಿ ಕುಂದಾಪುರದ ಕನ್ನಡ, ಕಛೇರಿಯಲ್ಲಿ ಮರಾಠಿ, ಮೇಲಧಿಕಾರಿಗಳ ಮುಂದೆ ಮೌನ. ಹೀಗೆ ಮೂರು ಭಾಷೆಗಳಲ್ಲಿ ನನ್ನ ಸಂಸಾರ ನಡೆದಿದೆ.

ನನ್ನ ಕೆಲಸದಲ್ಲಿ ಒಂದು ಭಾಗವೆಂದರೆ ಗೋಷ್ವಾರೆ ತಯಾರಿಸುವುದು. ಎಲ್ಲಿಯೋ ರಸ್ತೆ ಅಗಲ ಮಾಡಬೇಕು, ಎಲ್ಲಿಯೋ ಚರಂಡಿ ತೆಗೆಯಬೇಕು ಎಂದಾದರೆ ಮೊದಲು ಒಂದು ಪ್ರಕಟಣೆ ಹೊರಡುತ್ತದೆ. ‘ಯಾರದಾದರೂ ತಕರಾರು ಇದ್ದಲ್ಲಿ ಇಷ್ಟು ದಿನದೊಳಗೆ ಬರೆದು ತಿಳಿಸತಕ್ಕದ್ದು’ ಎಂದು. ಜನರು ಬರೆಯುತ್ತಾರೆ. ಬರೆಯಲು ಬಾರದವರು ಬರೆಸಿ ಹೆಬ್ಬೆಟ್ಟು ಒತ್ತುತ್ತಾರೆ. ಆ ಕಾಗದಗಳೆಲ್ಲ ನನ್ನ ಮೇಜಿಗೆ ಬರುತ್ತವೆ. ನಾನು ಅವಕ್ಕೆ ಕ್ರಮಸಂಖ್ಯೆ ಕೊಟ್ಟು, ಹೆಸರು, ಊರು, ತಕರಾರಿನ ಸಾರಾಂಶ, ಅಭಿಪ್ರಾಯ ಎಂಬ ಕಾಲಮುಗಳನ್ನು ಎಳೆದು, ನಾಲ್ಕು ಪುಟದ ಗೋಳನ್ನು ನಾಲ್ಕು ಶಬ್ದಕ್ಕೆ ಇಳಿಸುತ್ತೇನೆ. ಕೊನೆಯ ಕಾಲಮಿನಲ್ಲಿ ಮರಾಠಿಯಲ್ಲಿ ‘ನೋಂದ ಘೇತಲಿ’ ಎಂದು ಬರೆದರೆ ಆಯಿತು. ಗಮನಿಸಲಾಗಿದೆ ಎಂದು ಅದರ ಅರ್ಥ. ಗಮನಿಸಿದವರು ಯಾರು ಎಂಬ ಪ್ರಶ್ನೆಗೆ ಕಾಲಮು ಇಲ್ಲ.

ಇನ್ನು ಮಾವಯ್ಯನ ವಿಷಯ. ಮಾವಯ್ಯನೆಂದರೆ ನಮ್ಮ ಅಕ್ಕನ ಮಾವ, ಭಾವನ ತಂದೆ. 1962ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಊರು ಬಿಟ್ಟು ಮುಂಬಯಿ ಸೇರಿದವರು. ಮಾಟುಂಗದ ಹೋಟೆಲೊಂದರಲ್ಲಿ ಮಾಣಿಯಾಗಿ ಲೋಟ ತೊಳೆದು, ಆಮೇಲೆ ಅಡಿಗೆಗೆ ಏರಿ, ಕೊನೆಗೆ ಕ್ಯಾಂಟೀನು ನೋಡಿಕೊಂಡವರು. ವರ್ಲಿಯ ಒಂದು ಚಾಳಿನಲ್ಲಿ ಅವರ ಬಿಡಾರ. ಬಿಡಾರವೆಂದರೆ ಒಂದೇ ಕೋಣೆ. ಅದರಲ್ಲಿಯೇ ಒಲೆ, ದೇವರು, ಕಪಾಟು, ಟಿ.ವಿ., ಐದು ಜನ. ನಾನು ಹೋದರೆ ಆರು. ರಾತ್ರಿ ಹಾಸಿಗೆ ಬಿಡಿಸಿದ ಮೇಲೆ ಯಾರಾದರೂ ನೀರು ಕುಡಿಯಲು ಏಳಬೇಕಾದರೆ ಉಳಿದವರ ಕಾಲುಗಳ ಭೂಗೋಳ ಚೆನ್ನಾಗಿ ತಿಳಿದಿರಬೇಕು.

ಇಷ್ಟು ಇಕ್ಕಟ್ಟಿನಲ್ಲಿ ಇಷ್ಟು ವರ್ಷ ಜಗಳವಿಲ್ಲದೆ ಹೇಗೆ ಬಾಳಿದಿರಿ ಎಂದು ಒಮ್ಮೆ ಕೇಳಿದ್ದಕ್ಕೆ ಅಕ್ಕ ಹೇಳಿದಳು: “ಜಗಳ ಬರುವ ಹೊತ್ತಿಗೆ ಒಬ್ಬರು ಸಮುದ್ರಕ್ಕೆ ಹೋಗುತ್ತೇವೆ.”

ಆ ಮಾತು ವಿನೋದವಲ್ಲ. ಚಾಳಿನಿಂದ ಸ್ವಲ್ಪ ನಡೆದು ರಸ್ತೆ ದಾಟಿದರೆ ವರ್ಲಿ ಸೀ ಫೇಸ್. ಉದ್ದಕ್ಕೂ ಕಟ್ಟೆ, ಕಟ್ಟೆಯಾಚೆ ಕಲ್ಲು, ಕಲ್ಲಿನಾಚೆ ಅರಬ್ಬಿ ಸಮುದ್ರ. ಅಲ್ಲಿ ಕೂರಲು ಟಿಕೇಟಿಲ್ಲ. ಶ್ರೀಮಂತರು ನಾಯಿಗಳೊಡನೆ, ಬಡವರು ಮಕ್ಕಳೊಡನೆ ಬರುತ್ತಿದ್ದರು. ಹೊಸದಾಗಿ ಮದುವೆಯಾದವರು ಸಂಸಾರದ ಮಾತನ್ನು ಆಡುತ್ತಿದ್ದುದು ಅಲ್ಲಿಯೇ. ಮನೆಯಲ್ಲಿ ಆಡಲು ಮರೆಯೆಲ್ಲಿ? ಪರೀಕ್ಷೆಗೆ ಓದುವ ಹುಡುಗರು ದೀಪದ ಕಂಬಕ್ಕೆ ಒರಗಿ ಓದುತ್ತಿದ್ದರು. ಮಾವಯ್ಯ ಮಾತ್ರ ಸಾಯಂಕಾಲ ಐದೂವರೆಗೆ ಕಟ್ಟೆಯ ಮೇಲೆ ತಮ್ಮ ನಿಶ್ಚಿತ ಸ್ಥಾನದಲ್ಲಿ ಕುಳಿತು, ಎರಡು ರೂಪಾಯಿ ಇದ್ದ ಕಾಲದಿಂದ ಹತ್ತು ರೂಪಾಯಿ ಆದ ಕಾಲದವರೆಗೆ ಒಂದೇ ಗಾಡಿಯ ಕಡಲೆ ತಿಂದವರು. “ನಮ್ಮ ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ನಡುವೆ ರಸ್ತೆ. ಇಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಮೋಟಾರಿನ ಹೊಳೆ. ವ್ಯತ್ಯಾಸ ಅಷ್ಟೇ” ಎನ್ನುತ್ತಿದ್ದರು. ಹೊಟ್ಟೆಪಾಡಿಗೆ ಊರು ಬಿಟ್ಟವನಿಗೆ ಅದೇ ಕಡಲು ಇಲ್ಲಿಯೂ ಸಿಕ್ಕಿತಲ್ಲ ಎಂಬ ಸಮಾಧಾನ ಆ ಮಾತಿನೊಳಗಿತ್ತು.

ಮುಂಬಯಿಗೂ ಸಮುದ್ರಕ್ಕೂ ನಡೆದಿರುವ ವ್ಯವಹಾರ ಇಂದಿನದಲ್ಲ. ಏಳು ದ್ವೀಪಗಳನ್ನು ಜೋಡಿಸಿ ಒಂದು ಪಟ್ಟಣ ಮಾಡಿದ್ದಾರೆಂಬುದು ಶಾಲೆಯ ಪಾಠ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಮಹಾಲಕ್ಷ್ಮಿಗೂ ವರ್ಲಿಗೂ ನಡುವೆ ನುಗ್ಗುತ್ತಿದ್ದ ಕಡಲನ್ನು ಹಾರ್ನ್‌ಬಿ ವೆಲಾರ್ಡ್ ಎಂಬ ಒಡ್ಡು ಹಾಕಿ ತಡೆದರು. ಮರೀನ್ ಡ್ರೈವಿಗೆ 1915ರಲ್ಲಿ ಅಸ್ತಿಭಾರ ಹಾಕಿದರು. ಅದೂ ಕಡಲನ್ನು ಹಿಂದೆ ತಳ್ಳಿ ಪಡೆದ ನೆಲವೇ. ಅದರ ಬದಿಯ ಆರ್ಟ್ ಡೆಕೊ ಮನೆಗಳು 2018ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಒಂದು ಕಾಲದಲ್ಲಿ ಹೊಸದೆಂದು ಬೈಸಿಕೊಂಡದ್ದು ಇನ್ನೊಂದು ಕಾಲದಲ್ಲಿ ಹಳೆಯದೆಂದು ಕಾಪಾಡಿಸಿಕೊಳ್ಳುತ್ತದೆ. ಇದನ್ನು ಮರೆತು ಹೊಸ ಕಾಮಗಾರಿಗಳನ್ನೆಲ್ಲ ಹಳಿಯುವುದು ನ್ಯಾಯವಲ್ಲ.

2018ರ ದಶಂಬರದಲ್ಲಿ ಕರಾವಳಿ ರಸ್ತೆಗೆ, ಅಂದರೆ ಕೋಸ್ಟಲ್ ರೋಡಿಗೆ, ಭೂಮಿಪೂಜೆಯಾಯಿತು. ಮರೀನ್ ಡ್ರೈವ್ ಕಡೆಯಿಂದ ವರ್ಲಿಯ ಸೀ ಲಿಂಕ್ ಸೇತುವೆಯವರೆಗೆ 10.58 ಕಿಲೋಮೀಟರು; ಎಂಟು ಸಾಲು ವಾಹನಗಳು; ನಡುವೆ ಎರಡು ಕಿಲೋಮೀಟರಿಗೆ ಮಿಕ್ಕಿದ ಸುರಂಗಗಳು; ಇದಕ್ಕಾಗಿ ಸಮುದ್ರದಲ್ಲಿ ಮಣ್ಣು ತುಂಬಿಸಿ ಪಡೆದ ನೆಲ 111 ಹೆಕ್ಟೇರು. ರಸ್ತೆಯ ಆಚೆಗೆ ಕಡಲ ಬದಿಗೆ ಹೊಸ ವಿಹಾರದ ಹಾದಿ, ತೋಟ ಎಂದೆಲ್ಲ ಚಿತ್ರಪಟಗಳಲ್ಲಿ ತೋರಿಸಿದ್ದರು. ಚಿತ್ರದಲ್ಲಿ ಮರಗಳು ಆಗಲೇ ದೊಡ್ಡದಾಗಿ ಬೆಳೆದಿದ್ದುವು.

2019ರ ಮೇ ತಿಂಗಳಲ್ಲಿ ನಾನು ವರ್ಲಿಗೆ ಹೋದಾಗ ಕಟ್ಟೆಯ ಆಚೆಗೆ ತಗಡಿನ ಗೋಡೆ ಎದ್ದಿತ್ತು. ಮಾವಯ್ಯ ಅದೇ ಸ್ಥಾನದಲ್ಲಿ ಕುಳಿತು ತಗಡನ್ನು ನೋಡುತ್ತಿದ್ದರು. ಸುತ್ತಲೂ ಅದೇ ಮಾತು. ದೊಡ್ಡ ಕಟ್ಟಡದವರಿಗೆ ಕಿಟಕಿಯ ನೋಟ ಹೋಗುವುದೆಂಬ, ರಾತ್ರಿ ಹಗಲು ಮೋಟಾರಿನ ಸದ್ದು ಕೇಳಬೇಕೆಂಬ ಚಿಂತೆ. ನಡೆಯಲು ಬರುವವರಿಗೆ, ಇದು ಮುಗಿಯುವುದು ಯಾವಾಗ ಎಂಬ ಚಿಂತೆ. ತಿಳಿದವರಿಗೆ, ಕಡಲನ್ನು ಇಲ್ಲಿ ತಡೆದರೆ ಅದು ಇನ್ನೆಲ್ಲಿ ನುಗ್ಗೀತು, ಬಂಡೆಗಳಿಗೆ ಅಂಟಿದ ಹವಳಗಳ ಗತಿಯೇನು ಎಂಬ ಚಿಂತೆ. ಬಸ್ಸು ಹಿಡಿಯುವವರಿಗೆ, ಇಷ್ಟು ಸಾವಿರ ಕೋಟಿ ಕಾರಿನವರಿಗೇ ಏಕೆ ಎಂಬ ಪ್ರಶ್ನೆ. ಎಲ್ಲಕ್ಕಿಂತ ಹೆಚ್ಚಿನ ಚಿಂತೆ ವರ್ಲಿ ಕೋಳಿವಾಡದ ಬೆಸ್ತರದು. ಉಳಿದವರಿಗೆ ಕಡಲು ನೋಡುವ ವಸ್ತು. ಅವರಿಗೆ ಅದು ಅನ್ನ.

ಮಾವಯ್ಯ ಮಾತ್ರ ಇಷ್ಟು ದೊಡ್ಡ ಮಾತು ಆಡಲಿಲ್ಲ. ಕಡಲೆಯ ಪೊಟ್ಟಣ ನನ್ನತ್ತ ನೀಡಿ, “ಮಾಣಿ, ನೀನು ಸರಕಾರದ ಮನುಷ್ಯ. ನನ್ನದೊಂದು ಅರ್ಜಿ ಬರೆದುಕೊಡು” ಎಂದರು.

“ಎಂತ ಬರೆಯಲಿ ಮಾವಯ್ಯ? ರಸ್ತೆ ಬೇಡ ಎಂದೇ?”

“ಛೆ, ನಾನು ಬೇಡ ಎಂದರೆ ನಿಲ್ಲುವುದುಂಟೇ? ರಸ್ತೆ ಆಗಲಿ. ನನ್ನದು ಮೂರೇ ಮಾತು. ಆ ಎಂಟು ಸಾಲು ದಾಟಿ ಕಡಲಿನ ಹತ್ತಿರ ಹೋಗಲು ಮುದುಕರ ಮೊಣಕಾಲಿಗೆ ಆಗುವಂಥ ದಾರಿ ಇಡಲಿ. ಬೆನ್ನು ಒರಗಿಸುವಂಥ ಆಸನ ಇಡಲಿ. ಮತ್ತೆ, ಹೇಳಲು ನಾಚಿಕೆ, ಹತ್ತಿರದಲ್ಲೊಂದು ಮೂತ್ರದ ಕೋಣೆ ಇಡಲಿ. ಈ ಪ್ರಾಯದಲ್ಲಿ ಅದಿಲ್ಲದಿದ್ದರೆ ಕಡಲು ಎಷ್ಟು ಚೆಂದ ಇದ್ದರೂ ಮನೆಯೇ ಗತಿ.”

ನಾನು ನಕ್ಕೆ. ಇಷ್ಟು ದೊಡ್ಡ ಯೋಜನೆಯ ಕಡತದಲ್ಲಿ ಮೂತ್ರದ ಕೋಣೆಯ ಅರ್ಜಿಯೇ! ಅದಕ್ಕೆ ಯಾರೋ ನನ್ನಂಥ ಗುಮಾಸ್ತ ಏನು ಬರೆದಾನು ಎಂದು ನನಗೆ ಗೊತ್ತಿತ್ತು. “ಬರೆಯೋಣ ಮಾವಯ್ಯ, ಊರಿಗೆ ಹೋಗಿ ಸಾವಕಾಶ ಬರೆದು ಕಳುಹಿಸುತ್ತೇನೆ” ಎಂದೆ. ಸರಕಾರಿ ನೌಕರನ ಬಾಯಲ್ಲಿ ‘ಸಾವಕಾಶ’ ಎಂಬ ಶಬ್ದಕ್ಕೆ ಏನರ್ಥವೆಂಬುದು ವಾಚಕರಿಗೆ ಗೊತ್ತಿದೆ. ಮಾವಯ್ಯನಿಗೆ ಗೊತ್ತಿರಲಿಲ್ಲ. ಆಮೇಲೆ ಫೋನಿನಲ್ಲಿ ಎರಡು ಸಲ ಕೇಳಿದರು. ಎರಡು ಸಲವೂ ಬರೆಯುತ್ತಿದ್ದೇನೆ ಎಂದೆ. ಮೂರನೆಯ ಸಲ ಅವರು ಕೇಳಲಿಲ್ಲ. ಕೇಳದಿರುವುದು ಕೇಳುವುದಕ್ಕಿಂತ ಹೆಚ್ಚು ಚುಚ್ಚುತ್ತದೆ.

ಆ ವರುಷ ಜುಲೈ 16ರಂದು ಬೊಂಬಾಯಿ ಉಚ್ಚ ನ್ಯಾಯಾಲಯವು ಯೋಜನೆಗೆ ಕೊಟ್ಟಿದ್ದ ಕರಾವಳಿ ಅನುಮತಿಯನ್ನು ರದ್ದುಪಡಿಸಿತು. ಕೆಲಸ ನಿಂತಿತು. ಅರ್ಜಿ ಹಾಕಿದವರಲ್ಲಿ ಕೋಳಿವಾಡದ ಬೆಸ್ತರೂ ಇದ್ದರು, ಪರಿಸರದ ಕಾಳಜಿಯುಳ್ಳ ನಾಗರಿಕರೂ ಇದ್ದರು. ದಶಂಬರ 17ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ಕೊಟ್ಟು ರಸ್ತೆಯ ಕೆಲಸ ಮುಂದುವರಿಯಬಹುದೆಂದಿತು. ನಾನು ಪತ್ರಿಕೆಯಲ್ಲಿ ಇದನ್ನೆಲ್ಲ ಓದಿ, ‘ನೋಡಿದೆಯಾ, ನ್ಯಾಯಾಲಯದವರೆಗೆ ಹೋದವರದೇ ಹೀಗಾದರೆ ನನ್ನ ಅರ್ಜಿ ಯಾವ ಲೆಕ್ಕ’ ಎಂದು ನನ್ನ ಸೋಮಾರಿತನಕ್ಕೊಂದು ತರ್ಕವನ್ನು ಕಟ್ಟಿಕೊಂಡೆ.

ಅದೇ ಚಳಿಗಾಲದಲ್ಲಿ ನಮ್ಮ ಕಡೆಯ ಒಂದು ಹಳ್ಳಿಯ ರಸ್ತೆ ಅಗಲ ಮಾಡುವ ಕಡತ ನನ್ನ ಮೇಜಿಗೆ ಬಂದಿತ್ತು. ನಲವತ್ತೆಂಟು ತಕರಾರುಗಳು. ನಾಲ್ಕು ದಿನದಲ್ಲಿ ಗೋಷ್ವಾರೆ ಬೇಕೆಂದು ಮೇಲಿನವರ ಅಪ್ಪಣೆ. ಮೂವತ್ತೊಂದನೆಯ ಕಾಗದ ಒಬ್ಬ ಮುದುಕಿಯದು. ರಸ್ತೆಯ ಬದಿಗೆ ಕಟ್ಟುವ ಚರಂಡಿಯ ಗೋಡೆ ತನ್ನ ಗುಡಿಸಲಿಗೂ ಬಾವಿಗೂ ಅಡ್ಡವಾಗುತ್ತದೆ, ಸುತ್ತಿ ಹೋಗಲು ತನ್ನಿಂದಾಗದು ಎಂದು ಬರೆಸಿ ಹೆಬ್ಬೆಟ್ಟು ಒತ್ತಿದ್ದಳು. ನಾನು ಸಾರಾಂಶದಲ್ಲಿ ‘ಬಾವಿಯ ದಾರಿ’ ಎಂದೂ ಅಭಿಪ್ರಾಯದಲ್ಲಿ ‘ವೈಯಕ್ತಿಕ ಸ್ವರೂಪದ್ದು’ ಎಂದೂ ಬರೆದು ಮೂವತ್ತೆರಡಕ್ಕೆ ಹೋದೆ.

ಮಾರನೆಯ ದಿನ ಊಟದ ಡಬ್ಬಿ ತೊಳೆಯಲು ಹೊರಗೆ ಬಂದರೆ ವರಾಂಡದಲ್ಲಿ ಒಬ್ಬ ಮುದುಕಿ ಗೋಡೆಗೆ ಒರಗಿ ಕುಳಿತಿದ್ದಾಳೆ. ನನ್ನನ್ನು ಕಂಡು ಎದ್ದು ನಿಲ್ಲಲು ನೋಡಿದಳು. ಮೊಣಕಾಲು ಕೂಡಲೇ ಸಹಕರಿಸಲಿಲ್ಲ. ಗೋಡೆ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಎದ್ದು, “ಭಾವೂಸಾಹೇಬ, ಮಾಝಾ ಕಾಗದ ಕುಠೆ ಗೇಲಾ?” ಎಂದು ಕೇಳಿದಳು. ನನ್ನ ಕಾಗದ ಎಲ್ಲಿಗೆ ಹೋಯಿತು?

ಅವಳು ಎದ್ದು ನಿಂತ ರೀತಿ ಮಾವಯ್ಯ ಕಟ್ಟೆಯಿಂದ ಏಳುವ ರೀತಿಯೇ ಆಗಿತ್ತು. ಮೊದಲು ಎಡಗೈ, ಆಮೇಲೆ ಬೆನ್ನು, ಕೊನೆಗೆ ಕಾಲು. ನನಗೆ ಉತ್ತರ ತೋಚಲಿಲ್ಲ. ನಿನ್ನ ಕಾಗದವನ್ನು ನಾನು ಎರಡು ಶಬ್ದ ಮಾಡಿ ಹೂತುಬಿಟ್ಟಿದ್ದೇನೆ ಎಂದು ಹೇಳಬಹುದೇ? ‘ಇದೆ ಆಜೀ, ಒಳಗಿದೆ’ ಎಂದು ಹೇಳಿ ನೀರು ಕೊಟ್ಟು ಕಳುಹಿಸಿದೆ. ಡಬ್ಬಿ ತೊಳೆಯುವುದು ಮರೆತೇಹೋಯಿತು.

ಆ ಸಂಜೆ ಕಡತವನ್ನು ಮತ್ತೆ ಬಿಚ್ಚಿದೆ. ಮೂವತ್ತೊಂದರ ಎದುರಿಗೆ ‘ಪ್ರತ್ಯೇಕ ಟಿಪ್ಪಣಿ ನೋಡಿರಿ’ ಎಂದು ಬರೆದು, ಅವಳು ಹೇಳಿದ್ದನ್ನು ಅವಳು ಹೇಳಿದಷ್ಟೇ ವಿವರವಾಗಿ ಒಂದು ಪುಟದಲ್ಲಿ ಬರೆದೆ. ಹಾಗೆಯೇ ಇನ್ನೂ ಐದು ಕಾಗದಗಳಿಗೆ ಮಾಡಿದೆ. ಅಧಿಕಾರಿಗಳು ಕರೆದು, “ಇದೇನು, ಗೋಷ್ವಾರೆಯೋ ಕಾದಂಬರಿಯೋ?” ಎಂದು ಗದರಿದರು. ಆದರೆ ಅವರು ಒಳ್ಳೆಯ ಮನುಷ್ಯರು, ಓದಿದರು. ಮುಂದಿನ ವಾರ ಸ್ಥಳಕ್ಕೆ ಹೋಗಿ ನೋಡಿಯೂ ಬಂದರು. ರಸ್ತೆಯ ಗೆರೆ ಒಂದು ಅಡಿಯೂ ಬದಲಾಗಲಿಲ್ಲ. ಚರಂಡಿಯ ಗೋಡೆಯಲ್ಲಿ ಮಾತ್ರ ಮೂರಡಿ ಜಾಗ ಬಿಟ್ಟು, ಚರಂಡಿಯ ಮೇಲೊಂದು ಚಪ್ಪಡಿ ಹಾಕಿದರು. ಅಷ್ಟೇ. ಸರಕಾರದ ಲೆಕ್ಕದಲ್ಲಿ ಒಂದು ಚಪ್ಪಡಿಯ ಖರ್ಚು. ಅವಳ ಲೆಕ್ಕದಲ್ಲಿ ಬದುಕು.

ಅದೇ ರಾತ್ರಿ ಮಾವಯ್ಯನ ಅರ್ಜಿ ಬರೆದೆ. ಮೂರು ಬೇಡಿಕೆಗಳು, ಒಂದೇ ಪುಟ. ಕೊನೆಯದನ್ನು ನಾಚಿಕೆಯಿಲ್ಲದೆ ಸ್ಪಷ್ಟವಾಗಿ ಬರೆದೆ. ಅವರ ಸಹಿಗಾಗಿ ಕಳುಹಿಸಿದೆ. ಭಾವ ಅದನ್ನು ಸಂಬಂಧಪಟ್ಟ ಕಛೇರಿಗೆ ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಒತ್ತಿಸಿಕೊಂಡು ಬಂದರು. ತಕರಾರಿನ ಅವಧಿ ಎಂದೋ ಮುಗಿದಿತ್ತು. ನಾನು ಕಳೆದ ಏಳು ತಿಂಗಳು ಹಿಂದಿರುಗಿ ಬರುವ ಹಾಗಿರಲಿಲ್ಲ. ಮುದ್ರೆಯೆಂದರೆ ಕಾಗದ ಬಾಗಿಲೊಳಗೆ ಬಂದಿತೆಂಬುದಕ್ಕೆ ಸಾಕ್ಷಿ, ಯಾರೋ ಓದಿದರೆಂಬುದಕ್ಕೆ ಅಲ್ಲ ಎಂದು ನನಗೆ ಗೊತ್ತು. ಮಾವಯ್ಯನಾದರೋ ಆ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಪಂಚಾಂಗದೊಳಗೆ ಇಟ್ಟುಕೊಂಡು, “ನನ್ನದೂ ಒಂದು ಮಾತು ಸರಕಾರದಲ್ಲಿ ಉಂಟು” ಎಂದು ಬಂದವರಿಗೆಲ್ಲ ತೋರಿಸಿದರಂತೆ.

ಮುಂದೆ 2020ರಲ್ಲಿ ಕೊರೋನಾ ಬಂತು. ಒಂದು ಕೋಣೆ, ಐದು ಜನ, ಹೊರಗೆ ಹೋಗುವಂತಿಲ್ಲ. ಸಮುದ್ರಕ್ಕೆ ಹೋಗಿ ಕೋಪ ಇಳಿಸಿಕೊಳ್ಳುವ ದಾರಿಯೂ ಮುಚ್ಚಿತು. ಆ ದಿನಗಳಲ್ಲಿ ಅಕ್ಕ ಫೋನಿನಲ್ಲಿ ಅತ್ತದ್ದು ನನಗೆ ನೆನಪಿದೆ. ಪಟ್ಟಣದ ಬಡವನಿಗೆ ಬಯಲು ಜಾಗವೆಂದರೆ ಷೋಕಿಯಲ್ಲ, ಅದು ಮನೆಯ ಎರಡನೆಯ ಕೋಣೆ ಎಂಬುದು ನನಗೆ ನಿಜವಾಗಿ ತಿಳಿದದ್ದು ಆಗ. ಅತ್ತ ಹವಳದ ಹದಿನೆಂಟು ಗುಂಪುಗಳನ್ನು ವರ್ಲಿ, ಹಾಜಿ ಅಲಿಗಳಿಂದ ಕಿತ್ತು ನೇವಿ ನಗರದ ಕಡೆಯ ನೀರಿನಲ್ಲಿ ನೆಟ್ಟರು. 2022ರಲ್ಲಿ ಮರೀನ್ ಡ್ರೈವಿನಲ್ಲಿ ಅಲೆ ತಡೆಯುವ ನಾಲ್ಕು ಕಾಲಿನ ಸಿಮೆಂಟು ಕಲ್ಲುಗಳನ್ನು ಕಾಮಗಾರಿಗಾಗಿ ಸರಿಸಿದಾಗ, ಭರತದ ಹೊತ್ತಿಗೆ ಮನೆಗಳು ಅದುರುತ್ತವೆಂದು ಅಲ್ಲಿಯ ನಿವಾಸಿಗಳು ದೂರಿದರು; ಕಲ್ಲುಗಳನ್ನು ಬಳಿಕ ಮತ್ತೆ ಇಟ್ಟರು.

ಕೋಳಿವಾಡದವರು ಮಾತ್ರ ಪಟ್ಟು ಬಿಡಲಿಲ್ಲ. ತಮ್ಮ ಕ್ಲೀವ್‌ಲ್ಯಾಂಡ್ ಬಂದರದ ಮುಂದೆ ಸೇತುವೆಯ ಕಂಬಗಳ ನಡುವೆ 60 ಮೀಟರು ಅಂತರವಿಟ್ಟರೆ ಗಾಳಿ ಅಲೆಗಳಲ್ಲಿ ದೋಣಿ ಕಂಬಕ್ಕೆ ಬಡಿಯುತ್ತದೆ ಎಂದು ಅವರ ವಾದ. ನಕ್ಷೆಯಲ್ಲಿ 60 ಮೀಟರು ಧಾರಾಳವಾಗಿ ಕಾಣುತ್ತದೆ. ಮಳೆಗಾಲದ ಕಡಲಿನಲ್ಲಿ ದೋಣಿ ನಡೆಸಿದವನಿಗೆ ಮಾತ್ರ ಅದು ಸಾಲದೆಂದು ಗೊತ್ತು. ಅರ್ಜಿ ಕೊಟ್ಟರು, ದೋಣಿಗಳನ್ನು ಅಡ್ಡ ನಿಲ್ಲಿಸಿದರು, ಮತ್ತೆ ಅರ್ಜಿ ಕೊಟ್ಟರು. 2022ರ ಕೊನೆಗೆ ಸರಕಾರ ಒಪ್ಪಿ ಅಂತರವನ್ನು 120 ಮೀಟರು ಮಾಡಿತು. ಅವರು ಕೇಳಿದ್ದು ಇನ್ನೂ ಹೆಚ್ಚು; ಆದರೂ ಎರಡರಷ್ಟಾಯಿತು. ರಸ್ತೆಯೂ ನಿಲ್ಲಲಿಲ್ಲ, ದೋಣಿಗೂ ದಾರಿಯಾಯಿತು. ನಮ್ಮ ಮುದುಕಿಯ ಮೂರಡಿಯ ಜಾಗವೂ ಅವರ 120 ಮೀಟರೂ ನನ್ನ ದೃಷ್ಟಿಯಲ್ಲಿ ಒಂದೇ ಜಾತಿಯವು.

2024ರ ಮಾರ್ಚಿ 11ರಂದು ರಸ್ತೆಯ ಮೊದಲ ಭಾಗ ತೆರೆಯಿತು. ಅದಕ್ಕೆ ಛತ್ರಪತಿ ಸಂಭಾಜಿ ಮಹಾರಾಜರ ಹೆಸರಿಟ್ಟರು. ನಮ್ಮ ಜಿಲ್ಲೆಗೂ ಅದೇ ಹೆಸರು. ಆದುದರಿಂದ ಆ ರಸ್ತೆಯಲ್ಲಿ ನನಗೂ ಒಂದಿಷ್ಟು ಪಾಲುಂಟೆಂದು ಭಾವನೊಡನೆ ತಮಾಷೆ ಮಾಡಿದೆ. “ಪಾಲು ಇರಲಿ, ನಿನ್ನ ಸ್ಕೂಟರಿಗೆ ಅಲ್ಲಿ ಪ್ರವೇಶವಿಲ್ಲ” ಎಂದರು. ನಿಜ, ಎರಡು ಚಕ್ರ, ಮೂರು ಚಕ್ರಗಳ ವಾಹನಗಳನ್ನು ಅಲ್ಲಿ ಬಿಡುವುದಿಲ್ಲ. ಕಡಲ ಬದಿಯ ಹೊಸ ವಿಹಾರದ ಹಾದಿಯಲ್ಲಿ 5.25 ಕಿಲೋಮೀಟರನ್ನು 2025ರ ಆಗಸ್ಟ್ 15ರಿಂದ ಜನರಿಗೆ ಬಿಟ್ಟರು.

ಆ ವರ್ಷದ ದೀಪಾವಳಿಗೆ ವರ್ಲಿಗೆ ಹೋದೆ. ಮಾವಯ್ಯನಿಗೆ ಈಗ ಎಪ್ಪತ್ತೇಳು. ತಗಡಿನ ವರುಷಗಳಲ್ಲಿ ನಡೆಯುವ ರೂಢಿ ತಪ್ಪಿ, ಕಾಲು ಇನ್ನಷ್ಟು ಸೋತಿದ್ದುವು. “ಕಡಲು ತೋರಿಸಿಕೊಂಡು ಬರುತ್ತೀಯೇನೋ?” ಎಂದರು. ನಾನೂ ಅಕ್ಕನ ಮಗನೂ ಒಂದೊಂದು ಕೈ ಹಿಡಿದು ಹೊರಟೆವು. ಮೊದಲಿನಂತೆ ರಸ್ತೆ ದಾಟಿದ ಕೂಡಲೇ ಕಡಲಿಲ್ಲ. ವೇಗದ ರಸ್ತೆಯ ಅಡಿಯಿಂದ ಹಾದು ಆಚೆಗೆ ಏಳಬೇಕು. ನಾಲ್ಕು ಸಲ ನಿಂತು, ಉಸಿರು ಬಿಟ್ಟು, ಅಂತೂ ದಾಟಿದೆವು.

ಆಚೆಗೆ ಬಂದಾಗ ಎದುರಿಗೆ ಕಡಲು, ಮೇಲೆ ಆಕಾಶ, ಅಗಲವಾದ ಹಾದಿ. ಮಕ್ಕಳು ಓಡುತ್ತಿದ್ದರು. ಬುರ್ಖಾ ಧರಿಸಿದ ತಾಯಂದಿರು, ನೌವಾರಿ ಸೀರೆಯ ಅಜ್ಜಿಯರು, ಕಿವಿಗೆ ಹಾಡು ಸಿಕ್ಕಿಸಿಕೊಂಡ ಹುಡುಗರು, ಎಲ್ಲರೂ ಇದ್ದರು. ಚೆನ್ನಾಗಿಲ್ಲವೆಂದು ಹೇಳಿದರೆ ಸುಳ್ಳಾದೀತು. ಸಸಿಗಳು ಮಾತ್ರ ಇನ್ನೂ ಸಣ್ಣವು. ಚಿತ್ರಪಟದ ಮರಗಳಾಗಲು ವರ್ಷಗಳು ಬೇಕು.

ಮಾವಯ್ಯ ಕುಳಿತು ಬಹಳ ಹೊತ್ತು ಮಾತಾಡಲಿಲ್ಲ. ಸೂರ್ಯ ಮುಳುಗಿದ ಮೇಲೆ, “ಜಾಗ ಒಳ್ಳೆಯದೇ ಮಾಡಿದ್ದಾರೆ. ಆದರೆ ಮೊದಲು ಕಡಲು ನಮ್ಮ ಬಾಗಿಲಿಗೆ ಬರುತ್ತಿತ್ತು. ಈಗ ನಾವು ಅದರ ಬಾಗಿಲಿಗೆ ಹೋಗಬೇಕು. ನಿಮ್ಮ ಕೈ ಇದ್ದ ದಿನ ಬಂದೇನು” ಎಂದರು. ಸ್ವಲ್ಪ ತಡೆದು, “ಆ ಅರ್ಜಿ ಮೇ ತಿಂಗಳಿನಲ್ಲೇ ಕೊಟ್ಟಿದ್ದರೆ ಏನಾದರೂ ಆಗುತ್ತಿತ್ತೋ?” ಎಂದು ಕೇಳಿದರು. ದೂರುವ ಧ್ವನಿಯಿರಲಿಲ್ಲ, ತಿಳಿಯುವ ಆಸೆಯಷ್ಟೇ.

“ಗೊತ್ತಿಲ್ಲ ಮಾವಯ್ಯ” ಎಂದೆ. ಅದು ನಿಜವೂ ಹೌದು. ಆಗುತ್ತಿರಲಿಲ್ಲವೆಂದು ಖಂಡಿತವಾಗಿ ತಿಳಿದಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತು. ತಿಳಿಯದಿರುವುದೇ ನನಗೆ ಶಿಕ್ಷೆ.

ವಾಚಕರೇ, ನಾನು ಯೋಜನೆಗಳ ಗುಣದೋಷ ತೂಗುವಷ್ಟು ದೊಡ್ಡವನಲ್ಲ. ಊರುಗಳು ಬೆಳೆಯಬೇಕು, ರಸ್ತೆಗಳು ಆಗಬೇಕು. ನಮ್ಮ ನಡುವೆ ವಕೀಲರಿದ್ದೀರಿ, ಇಂಜಿನಿಯರರಿದ್ದೀರಿ, ನನ್ನಂಥ ಗುಮಾಸ್ತರೂ ಅನೇಕರಿದ್ದೀರಿ. ನಿಮ್ಮ ಓಣಿಯ ಗೋಡೆಯ ಮೇಲೆ ತಕರಾರು ಆಹ್ವಾನಿಸುವ ಪ್ರಕಟಣೆ ಕಂಡರೆ ದಯಮಾಡಿ ತಾರೀಕು ನೋಡಿ, ಅವಧಿಯೊಳಗೆ ಬರೆಯಿರಿ. ಬರೆಯಲು ಬಾರದ ನೆರೆಯವರಿಗೆ ಬರೆದುಕೊಡಿರಿ. ಬೇಡವೆಂದು ಮಾತ್ರ ಬರೆಯದೆ, ಏನು ಬೇಕು, ಎಷ್ಟು ಅಡಿ ಬೇಕು ಎಂದು ಬರೆಯಿರಿ. ಅಂಥ ಕಾಗದವನ್ನು ಎರಡು ಶಬ್ದ ಮಾಡುವುದು ಎಂಥ ಗುಮಾಸ್ತನಿಗೂ ಕಷ್ಟ.

ನಾನಂತೂ ಗೋಷ್ವಾರೆಯಲ್ಲಿ ‘ವೈಯಕ್ತಿಕ ಸ್ವರೂಪದ್ದು’ ಎಂದು ಬರೆಯುವುದನ್ನು ಬಿಟ್ಟಿದ್ದೇನೆ. ಇದರಿಂದ ನನ್ನ ಗೋಷ್ವಾರೆಗಳು ಉದ್ದವಾಗಿವೆ, ನಾನು ಮನೆಗೆ ಹೋಗುವುದು ತಡವಾಗಿದೆ, ಮನೆಯಾಕೆಯ ತಕರಾರಿನ ಪಟ್ಟಿಯೂ ಬೆಳೆದಿದೆ. ಅದನ್ನೂ ನೋಂದ ಮಾಡಿಕೊಂಡಿದ್ದೇನೆ. ಬರುವ ಬೇಸಗೆಯಲ್ಲಿ ಒಂದು ವಾರ ರಜೆ ಹಾಕಿ ಎಲ್ಲರೂ ವರ್ಲಿಗೆ ಹೋಗುವುದೆಂದು ನಿಶ್ಚಯವಾಗಿದೆ. ಏಳು ಸಂಜೆ, ಮಾವಯ್ಯನಿಗೆ ಎರಡೂ ಬದಿಗೆ ಕೈ ಸಿಗುತ್ತದೆ.